ಕುಬೇರಪ್ಪನವರ ಎರಡನೇ ಮುದ್ರಣ

ಮೂರಕ್ಷರದ ಒಂದು ಹೆಸರಿಗೆ ಪುಸ್ತಕದಲ್ಲಿ ಎಲ್ಲಿ ಜಾಗ ಕೇಳಬೇಕು, ಕೇಳಿದರೆ ಅದು ಆಸೆಯೋ ದುರಾಸೆಯೋ ಎಂಬುದು ಮಾದೇವಿಯ ಚಿಂತೆ. ಇದನ್ನು ಅವಳು ಯಾರಿಗೂ ಹೇಳಿರಲಿಲ್ಲ. ದಿನಚರಿಗೆ ಹೇಳಿದ್ದಳು, ಅದೂ ಒಂದೇ ಸಾಲಿನಲ್ಲಿ. ಮರುದಿನ ಆ ಸಾಲನ್ನೂ ಹೊಡೆದು ಹಾಕಿದ್ದಳು. ಧಾರವಾಡದಲ್ಲಿ ಬಿ.ಎ. ಮುಗಿಸಿ ಊರಿಗೆ ಮರಳಿದ ಹುಡುಗಿಗೆ ನಾಲ್ಕು ಜನರೆದುರು ಮಾತೆಂದರೆ ಕೊರಳಲ್ಲಿ ಒಣರೊಟ್ಟಿ ಸಿಕ್ಕಿದಂತೆ. "ಯಾವಾಗ ಬಂದೀ ತಂಗಿ?" ಎಂದು ಯಾರಾದರೂ ಕೇಳಿದರೆ, ಅವರು ಓಣಿ ದಾಟಿ ಹೋದ ಮೇಲೆ ಉತ್ತರ ಹೊಳೆಯುತ್ತಿತ್ತು.

ಊರಿನ ಹೆಸರು ಬೇಡ. ಶಲವಡಿಯಿಂದ ಅಣ್ಣಿಗೇರಿಗೆ ಹೋಗುವ ರಸ್ತೆಯಿಂದ ಒಳಕ್ಕೆ ಹೊರಳಿದರೆ ಸಿಗುತ್ತದೆ ಎಂದರೆ ಸಾಕು. ಎಂಬತ್ತರ ದಶಕದ ನಡುಮಧ್ಯದ ಮಾತು. ಕರೆಂಟು ಬಂದಿತ್ತು; ದೀಪ ಹಚ್ಚುವ ಹೊತ್ತಿಗೆ ಸರಿಯಾಗಿ ಹೋಗುತ್ತಿತ್ತು.

ಎಲ್ಲ ಗ್ರಂಥಗಳ ಹಿಂದೆ ಒಂದು ಪ್ರೇರಣೆ ಇರುತ್ತದೆ. ಈ ಗ್ರಂಥದ ಹಿಂದೆ ಇದ್ದದ್ದು ಒಂದು ಕುರ್ಚಿ. ಮಾದೇವಿಯ ಕಾಕಾ ಕುಬೇರಪ್ಪನವರು ಹತ್ತಿ ವ್ಯಾಪಾರದ ದೊಡ್ಡ ಕುಳ. ಅಣ್ಣಿಗೇರಿಯ ಒಂದು ಸಮಾರಂಭಕ್ಕೆ ಪೆಂಡಾಲು ಹಾಕಿಸಿಕೊಟ್ಟವರು ಅವರೇ. ಆದರೆ ವೇದಿಕೆಯ ಮೇಲೆ ಗಾದಿ ಹಾಕಿ, ಟವೆಲ್ ಹೊದಿಸಿದ ಕುರ್ಚಿ ಸಿಕ್ಕದ್ದು ಹುಬ್ಬಳ್ಳಿ ಕಡೆಯಿಂದ ಬಂದ ಒಬ್ಬ ತೆಳ್ಳಗಿನ ಮನುಷ್ಯನಿಗೆ. ಕುಬೇರಪ್ಪನವರಿಗೆ ಸಿಕ್ಕದ್ದು ಕರಡಿ ಮಜಲಿನ ವಾದ್ಯ ಬಾರಿಸುವವರ ಬಾಜೂಕಿನ ಬೆಂಚು. ವಿಚಾರಿಸಿದರೆ ಆ ತೆಳ್ಳಗಿನವನು ಅಷ್ಟೇ ತೆಳ್ಳಗಿನ ಒಂದು ಪುಸ್ತಕ ಬರೆದಿದ್ದನಂತೆ.

ಅಂದು ಸಂಜೆ ಮನೆಗೆ ಬಂದವರೇ ಹೆಂಡತಿಗೆ ಹೇಳಿದರು: "ಗುರವ್ವಾ, ನಾ ಒಂದ್ ಗ್ರಂಥಾ ಬರ್ಯಾಂವ."

"ಮೊದಲ ಊಟಾ ಮಾಡ್ರಿ," ಎಂದಳು ಗುರವ್ವ. "ಹೊಟ್ಟಿ ತುಂಬಿದ ಮ್ಯಾಲ ಹೋಗ್ತೈತಿ ಅದು."

ಹೋಗಲಿಲ್ಲ. ಮರುದಿನ ಕಟ್ಟೆಯ ಮೇಲೆ ಲೋಡಿಗೆ ಒರಗಿ ಕೂತು, ಎದುರಿಗೆ ಮಾದೇವಿಯನ್ನು ಕೂಡಿಸಿಕೊಂಡು ಗ್ರಂಥ ಶುರು ಮಾಡಿಯೇಬಿಟ್ಟರು.

"ಬರಿ. ನಮ್ಮಜ್ಜ ಗುಡದಪ್ಪಜ್ಜ ಪುಣ್ಯಾತ್ಮ. ಈ ಊರಿಗೆ ಕೆರಿ ಕಡಿಸಿದ. ಬರದ್ಯಾ?"

"ಬರದ್ನಿ."

"ಈಗ ಅದನ್ನ ದಪ್ಪ ಮಾಡು," ಎಂದು ಹೇಳಿ ಕುಬೇರಪ್ಪನವರು ನಿದ್ದೆ ಹೋದರು. ಗ್ರಂಥಕರ್ತರ ಪರಿಶ್ರಮ ಅಲ್ಲಿಗೆ ಮುಗಿಯಿತು.

ದಪ್ಪ ಮಾಡುವುದಕ್ಕೆ ಮಾದೇವಿ ಓಣಿ ಓಣಿ ತಿರುಗಿದಳು. ಮಾತಾಡಲಾರದವಳಿಗೆ ಕೇಳುವುದು ಚೆನ್ನಾಗಿ ಬರುತ್ತಿತ್ತು. ಮುದುಕಿಯರು ಹೇಳಿದರು, ಇವಳು ಬರೆದಳು. ಎಲ್ಲರಿಗಿಂತ ಹೆಚ್ಚು ಹೇಳಿದವಳು ಹಿಂದಿನ ಓಣಿಯ ರೇವವ್ವ. ಅವಳ ಅತ್ತೆ ಸಣ್ಣವ್ವ ಕೆರೆಯ ಮಣ್ಣು ಹೊತ್ತವಳು. ಒಂದು ದಿನ ಕೂಲಿಯ ಜೋಳದಲ್ಲಿ ಕಲ್ಲು ಸಿಕ್ಕಾಗ, ಸಣ್ಣವ್ವ ತಲೆಯ ಮೇಲಿನ ಕೆಸರಿನ ಬುಟ್ಟಿಯನ್ನು ಒಡ್ಡಿಗೆ ಹಾಕುವ ಬದಲು ಗುಡದಪ್ಪಜ್ಜನ ತಲೆಯ ಪಟಗದ ಮೇಲೆ ಸುರುವಿದಳಂತೆ. ಅಜ್ಜ ಕೆರೆಯ ತಗ್ಗಿನಲ್ಲಿ ನಿಂತ ನೀರಿನಲ್ಲಿ ಮುಳುಗೆದ್ದು ಮನೆಗೆ ಹೋದನಂತೆ. ಮರುದಿನದಿಂದ ಜೋಳ ಹಸನಾಗಿ ಬಂತಂತೆ. ಮಾದೇವಿ ಅದನ್ನು ಹಾಗೆಯೇ ಬರೆದು ರೇವವ್ವನಿಗೆ ಓದಿ ತೋರಿಸಿದಳು. ರೇವವ್ವ ಸೆರಗಿನಿಂದ ಕಣ್ಣೊರಸಿಕೊಂಡು, "ನಮ್ಮತ್ತಿ ಹೆಸರು ಅಚ್ಚಾಗ್ತೈತೇನ ಯವ್ವಾ?" ಎಂದಳು. ಮಾದೇವಿ ಹೌದೆಂದು ತಲೆಯಾಡಿಸಿದಳು. ಆಮೇಲೆ ಹಲವು ದಿನ ಅವಳಿಗೆ ಒಂದೇ ಚಿಂತೆ. ಕಾಕಾ ಇದನ್ನು ಓದಿದರೆ ಗತಿಯೇನು? ಆದರೆ ಕಾಕಾ ಓದಲಿಲ್ಲ. ಕೈಬರಹದ ಕಟ್ಟನ್ನು ಕೈಯಲ್ಲಿ ತೂಗಿ ನೋಡಿ, "ಆತು, ಗ್ರಂಥದ ತೂಕ ಬಂತು," ಎಂದರು.

ಅಣ್ಣಿಗೇರಿಯಲ್ಲಿ ಲಕ್ಷ್ಮಣಪ್ಪನ ಪ್ರೆಸ್ಸು. ಕಾಲಲ್ಲಿ ತುಳಿಯುವ ಒಂದು ಯಂತ್ರ, ಗೋಡೆಯುದ್ದಕ್ಕೂ ಅಚ್ಚಿನ ಮೊಳೆಗಳ ಖಾನೆಗಳು, ಎಲ್ಲೆಲ್ಲೂ ಒಣಹಾಕಿದ ಲಗ್ನಪತ್ರಿಕೆಗಳು. ಕುಬೇರಪ್ಪನವರು ಕೂತು ಕೇಳಿದರು: "ಒಂದ್ ಪುಸ್ತಕಕ್ಕ ಏನೇನ್ ಬೇಕಾಗ್ತಾವಪಾ?"

"ಮುಖಪುಟ, ಅರ್ಪಣೆ, ಮುನ್ನುಡಿ, ಪ್ರಕಾಶಕರ ಮಾತು, ಲೇಖಕರ ಅರಿಕೆ, ಕಡೀಕ ಬೆನ್ನುಡಿ," ಎಂದ ಲಕ್ಷ್ಮಣಪ್ಪ.

ಕುಬೇರಪ್ಪನವರು ಬೆರಳು ಮಡಚಿ ಎಣಿಸಿದರು. ಮುಖ ಅರಳಿತು. "ಅಂದ್ರ ಇಷ್ಟ್ ಮಂದೀನ ಸಮಾಧಾನ ಮಾಡಬಹುದು!"

ಸೊಸೈಟಿ ಚುನಾವಣೆಯಲ್ಲಿ ಪಳಗಿದ ಮನುಷ್ಯ. ಪದವಿಗಳ ಹಂಚಿಕೆ ಶುರುವಾಯಿತು. ಮುನ್ನುಡಿ ಬಿ.ಡಿ.ಓ. ಸಾಹೇಬರಿಗೆ, ಏಕೆಂದರೆ ಕುಬೇರಪ್ಪನವರ ಹೊಲದ ಹಳ್ಳಕ್ಕೆ ಆಗಬೇಕಾದ ಒಂದು ಸಣ್ಣ ಸೇತುವೆ ಸಾಹೇಬರ ಮೇಜಿನ ಮೇಲೆ ಮಲಗಿತ್ತು. ಪ್ರಕಾಶಕಿ ಗುರವ್ವ.

"ಪ್ರಕಾಶಕಿ ಅಂದ್ರ ನಾ ಏನ್ ಮಾಡಬೇಕ್ರಿ?"

"ಏನೂ ಇಲ್ಲ. ಹೆಸರಿಗಷ್ಟ."

"ಹಂಗಾರ ಈ ಮನಿಗೆ ಕಾಲಿಟ್ಟಾಗಿಂದ ನಾ ಪ್ರಕಾಶಕಿನ."

ಬೆನ್ನುಡಿ ಮಡಿವಾಳೆಪ್ಪ ಮಾಸ್ತರಿಗೆ. ಅವರು ನಿವೃತ್ತ ಮಾಸ್ತರರು, ಶ್ರಾವಣದಲ್ಲಿ ಗುಡಿಯ ಪುರಾಣಕ್ಕೆ ಅರ್ಥ ಹೇಳುವವರು. ಊರಿನ ವಿದ್ವತ್ತೆಲ್ಲ ತಮ್ಮ ಒಬ್ಬರ ಕೊರಳಲ್ಲಿದೆ ಎಂದು ತಿಳಿದವರು. ಅವರು ಸಿಡಿಮಿಡಿಗೊಂಡರು. "ಮುಂದ ಸಾಹೇಬ್ರು, ಹಿಂದ ನಾ? ಚಕ್ಕಡಿ ಹಿಂದ ಮಾರಾಕ ಒಯ್ಯೂ ಎಮ್ಮಿ ಕಟ್ಟತಾರ, ಗೊತ್ತೈತಿಲ್ಲ?"

"ಮಾಸ್ತರ, ಪುಸ್ತಕಾ ಬೋರಲ ಇಟ್ರ ನೀವ ಮ್ಯಾಲ," ಎಂದರು ಕುಬೇರಪ್ಪನವರು. ಮಾಸ್ತರರು ಯೋಚಿಸಿ ನೋಡಿ ಒಪ್ಪಿದರು. ಅಂದಿನಿಂದ ಯಾವ ಪುಸ್ತಕ ಕಂಡರೂ ಅದನ್ನು ಬೋರಲು ಹಾಕಿಯೇ ಮುಂದೆ ಹೋಗುತ್ತಿದ್ದರು.

ಪದವಿಗಳನ್ನು ಹಂಚಿದ ಮೇಲೆ ಅವುಗಳನ್ನು ಬರೆಯಬೇಕಲ್ಲ? ಮುನ್ನುಡಿ ಮಾದೇವಿ ಬರೆದಳು. ಬಿ.ಡಿ.ಓ. ಸಾಹೇಬರು ಮೊದಲ ಸಾಲು ಓದಿ, "ಪರವಾಗಿಲ್ಲ, ಚೆನ್ನಾಗೇ ಬರೆದಿದ್ದೀನಿ," ಎಂದು ಸಹಿ ಹಾಕಿದರು. ಬೆನ್ನುಡಿ ಅವಳೇ ಬರೆದಳು, ಪ್ರಕಾಶಕಿಯ ಮಾತನ್ನೂ ಬರೆದಳು. ಇಡೀ ಪುಸ್ತಕದಲ್ಲಿ ಅವಳದಲ್ಲದ್ದು ಎಂದರೆ ಹೆಸರುಗಳಷ್ಟೇ.

ಕುಬೇರಪ್ಪನವರು ಸ್ವಂತ ಬುದ್ಧಿಯಿಂದ ಸೇರಿಸಿದ್ದೂ ಒಂದಿತ್ತು. ಲಕ್ಷ್ಮಣಪ್ಪ "ಮೊದಲನೇ ಮುದ್ರಣ" ಎಂದು ಜೋಡಿಸಹೊರಟಾಗ ಅವನ ಕೈ ಹಿಡಿದರು.

"ಮೊದಲನೇದಾ? ನಾ ಏನ್ ಹೊಸಬಾ? ಎರಡನೇದು ಅಂತ ಹಾಕು. ಒಮ್ಮಿ ಖರ್ಚಾಗೇತಿ ಅಂದ್ರ ಮಾಲಿಗೆ ಕಿಮ್ಮತ್ತು."

"ಗೌಡ್ರ, ಮೊದಲನೇದ ಆಗಿಲ್ಲಲ್ರಿ!"

"ಆಗಿಲ್ಲಂತ ಯಾಂವ ನೋಡ್ಯಾನ?"

ಇನ್ನು 'ಹಕ್ಕುಗಳನ್ನು ಕಾಯ್ದಿರಿಸಿದೆ' ಎಂಬ ಸಾಲು. ಹಕ್ಕು ಎಂದ ಮೇಲೆ ಅದು ಹೊಲದ ಹಾಗೆ ಉತಾರದಲ್ಲಿ ಬರಬೇಕಲ್ಲವೇ ಎಂದು ಅವರು ಜಮೀನಿನ ದಾಖಲೆ ಇಡುವ ತಲಾಟಿಯ ಕಚೇರಿಗೆ ಹೋಗಿ ಕೂತರು. ತಲಾಟಿ ಚಹಾ ಕುಡಿದು, ಪುಸ್ತಕಕ್ಕೆ ಚಕ್ಕುಬಂದಿ ಏನೆಂದು ಕೇಳಿದ. ಪೂರ್ವಕ್ಕೆ ಮುನ್ನುಡಿ, ಪಶ್ಚಿಮಕ್ಕೆ ಬೆನ್ನುಡಿ ಎಂದು ಇವರು ಬರೆಸಿ ಬಂದರು.

ಈ ಗದ್ದಲದ ನಡುವೆ ಒಂದು ದಿನ ಪ್ರೆಸ್ಸಿನಲ್ಲಿ ಮಾದೇವಿ ಧೈರ್ಯ ಮಾಡಿ, ಖಾನೆಯ ಮೊಳೆಗಳನ್ನೇ ನೋಡುತ್ತ ಕೇಳಿದಳು: "ಕೂತು ಬರದವರ ಹೆಸರು… ಎಲ್ಲರೆ ಹಾಕ್ತೀರೇನ್ರಿ?"

"ಅರಿಕಿ ಕಡೀಕ ಹಾಕ್ತೀವಿ ತಂಗಿ," ಎಂದ ಲಕ್ಷ್ಮಣಪ್ಪ. "ಜಾಗಾ ಉಳದ್ರ."

"ಹಾಕೂಣು, ಹಾಕೂಣು," ಎಂದರು ಕುಬೇರಪ್ಪನವರು. "ಜಾಗಾ ಉಳದ್ರ ಅಗದಿ ಹಾಕೂಣು."

ಅರಿಕೆಯಲ್ಲಿ ಬೀಗರು ಬಂದರು, ಸೊಸೈಟಿಯ ಸದಸ್ಯರು ಬಂದರು, ಹತ್ತಿ ತೂಗುವವನು ಬಂದ. ಕೊನೆಗೆ ಉಳಿದ ಒಂದು ಸಾಲಿನಲ್ಲಿ ಕುಬೇರಪ್ಪನವರಿಗೆ ತಮ್ಮ ಜೋಡೆತ್ತುಗಳ ನೆನಪಾಯಿತು. ಎತ್ತುಗಳಿಗೆ ಕೃತಜ್ಞತೆ ಹೇಳುವ ಆ ಸಾಲನ್ನು ಬರೆದವಳೂ ಮಾದೇವಿಯೇ.

ಲಗ್ನದ ಸುಗ್ಗಿ ಬಂತು. ಲಕ್ಷ್ಮಣಪ್ಪನ ಬಳಿ ಇದ್ದ ಮೊಳೆಗಳೆಲ್ಲ ಲಗ್ನಪತ್ರಿಕೆಗಳಲ್ಲಿ ಸಿಕ್ಕಿಕೊಂಡವು. ಅದು ಮುಗಿಯುವಷ್ಟರಲ್ಲಿ ಮಳೆಯಾಯಿತು; ಪ್ರೆಸ್ಸಿಗೆ ಬೀಗ ಹಾಕಿ ಅವನು ಶೇಂಗಾ ಬಿತ್ತಲು ಹೋದ. ಶ್ರಾವಣ ಹತ್ತಿರ ಬಂದಾಗ ಕುಬೇರಪ್ಪನವರು ಮಾದೇವಿಯನ್ನು ಕರೆದುಕೊಂಡು ಹೋಗಿ ಬಾಗಿಲಲ್ಲಿ ನಿಂತರು. ಲಕ್ಷ್ಮಣಪ್ಪ ಒಳಗಿನಿಂದ ಒಂದು ದಪ್ಪ ಪುಸ್ತಕ ತಂದುಕೊಟ್ಟ. ಮೇಲೆ ಹುಬ್ಬಳ್ಳಿಯಲ್ಲಿ ಮಾಡಿಸಿದ ಬ್ಲಾಕಿನಿಂದ ಅಚ್ಚಾದ, ಮೀಸೆ ಸಮೇತ ಕುಬೇರಪ್ಪನವರ ಫೋಟೋ. ಅದರ ಕೆಳಗೆ 'ಕೆರೆಯ ಗುಡದಪ್ಪಜ್ಜ'. ಅದರ ಕೆಳಗೆ 'ಎರಡನೇ ಮುದ್ರಣ'.

"ಇದು ಡಮ್ಮಿ ರೀ," ಎಂದ ಲಕ್ಷ್ಮಣಪ್ಪ. "ಎಷ್ಟು ದಪ್ಪಾಗ್ತೈತಿ, ಬೆನ್ನಿನ ಮ್ಯಾಲ ಹೆಸರು ಹಿಡೀತೈತೋ ಇಲ್ಲೋ ಅಂತ ನೋಡಾಕ ಕಟ್ಟೂದು. ಒಳಗ ಬರೇ ಖಾಲಿ ಹಾಳಿ. ಅಸಲು ಪುಸ್ತಕ ದಸರಾಕ್ಕ…"

ಅವನ ಮಾತು ಕೇಳಿಸಿಕೊಂಡವಳು ಮಾದೇವಿ ಒಬ್ಬಳೇ. ಗ್ರಂಥಕರ್ತರು ತಮ್ಮ ಫೋಟೋವನ್ನು ಎದೆಗೆ ಅವುಚಿಕೊಂಡು ಆಗಲೇ ಬಸ್‌ಸ್ಟ್ಯಾಂಡ್ ಹತ್ತಿರ ಇದ್ದರು. ಎಷ್ಟೊಂದು ಜಾಗ ಉಳಿಯಿತಲ್ಲ, ಎಂದುಕೊಂಡು ಮಾದೇವಿ ಅವರ ಹಿಂದೆ ಓಡಿದಳು.

ಬಸ್ಸಿನಲ್ಲಿ ಆ ಫೋಟೋಕ್ಕೆ ಕೈ ಮುಗಿದವರು ಬಹಳ. ಊರ ಬಾಗಿಲಾದ ಅಗಸಿ ಬರುತ್ತಲೇ ಕುಬೇರಪ್ಪನವರು ಟವೆಲ್ಲನ್ನು ಸಿಂಬಿ ಸುತ್ತಿ, ಪುರಾಣದ ಗ್ರಂಥ ತರುವ ಹಾಗೆ ಪುಸ್ತಕವನ್ನು ತಲೆಯ ಮೇಲೆ ಇಟ್ಟುಕೊಂಡರು.

"ಕಾಕಾ, ಅದರಾಗ…" ಎಂದಳು ಮಾದೇವಿ.

"ಅದರಾಗ ಏನೈತಿ ಅಂತ ನನಗ ಹೇಳ್ತೀಯೇನು? ಬರದಾಂವ ನಾನೋ ನೀನೋ?"

ಕೊರಳಲ್ಲಿ ರೊಟ್ಟಿ ಸಿಕ್ಕಿತು.

ತಲೆಯ ಮೇಲೆ ಬಂದ ಗ್ರಂಥಕ್ಕೆ ಆ ಊರಲ್ಲಿ ಬೇರೆ ಕಾಯಿದೆ. ಮಠದ ಅಯ್ಯನವರು ಅದನ್ನು ಕೆಂಪು ವಸ್ತ್ರದಲ್ಲಿ ಸುತ್ತಿ, ವಿಭೂತಿ ಹಚ್ಚಿ ಹೇಳಿದರು: "ಈ ಶ್ರಾವಣಕ್ಕ ಇದ ಪುರಾಣ. ಸೋಮವಾರ ಪೂಜಿ ಆಗೂತನಕ ಯಾರೂ ಬಿಚ್ಚಬಾರದು." ಪುರಾಣಕ್ಕೆ ಒಬ್ಬರು ಓದಬೇಕು, ಒಬ್ಬರು ಅರ್ಥ ಹೇಳಬೇಕು. ಅರ್ಥಕ್ಕೆ ಮಡಿವಾಳೆಪ್ಪ ಮಾಸ್ತರರು ಇದ್ದೇ ಇದ್ದರು. ಓದುವ ಗಂಗಪ್ಪಜ್ಜನ ಹಲ್ಲು ಹೋಗಿ ವಚನವೂ ವಿಷಲ್ಲೂ ಒಂದೇ ಆಗಿದ್ದವು. "ಮಾದೇವಿ ಓದಲಿ. ಬಿ.ಎ. ಆದಾಕಿ, ಕನ್ನಡಕ ಇಲ್ಲದ ಓದ್ತಾಳ," ಎಂದಿತು ಊರು.

ಮಾದೇವಿ ಅಡಿಗೆಮನೆಯಲ್ಲಿ ಗುರವ್ವನ ಸೆರಗು ಹಿಡಿದಳು. "ಚಿಗವ್ವಾ, ಆ ಪುಸ್ತಕದಾಗ ಏನೂ ಇಲ್ಲಬೇ. ಖಾಲಿ ಐತಿ."

ಗುರವ್ವ ಅವಳ ಗಲ್ಲ ಸವರಿ ಲಟಿಗೆ ಮುರಿದಳು. ಕೂಸು ಚೆಂದವಿದ್ದರೆ ಕರಿಗುಬ್ಬಿ ಎನ್ನುವುದು, ಬೆಳೆ ಬಂದರೆ ಏನೂ ಬಂದಿಲ್ಲ ಎನ್ನುವುದು ಆ ಊರ ರೂಢಿ; ಇದ್ದದ್ದನ್ನು ಇದೆ ಎಂದರೆ ದೃಷ್ಟಿಯಾಗುತ್ತದೆ. "ಶಾಣ್ಯಾಕಿ ನೀ! ಮಂದಿ ಕೇಳಿದ್ರ ಹಂಗ ಹೇಳು," ಎಂದವಳೇ ಉಪ್ಪು ಮೆಣಸಿನಕಾಯಿ ತಂದು, ದೇವರ ಜಗುಲಿಯ ಮೇಲೆ ಸುತ್ತಿಟ್ಟಿದ್ದ ಪುಸ್ತಕಕ್ಕೆ ನಿವಾಳಿಸಿ ಒಲೆಗೆ ಹಾಕಿದಳು. ಘಾಟು ಬರಲಿಲ್ಲ. ದೃಷ್ಟಿ ಭಾರೀ ಇದೆ ಎಂದು ಖಾತ್ರಿಯಾಯಿತು.

ಸೋಮವಾರ ಬರುವುದರೊಳಗೆ ಊರು ಆ ಗ್ರಂಥವನ್ನು ಓದಿ ಮುಗಿಸಿತ್ತು. "ಮೂರನೇ ಅಧ್ಯಾಯ ಸ್ವಲ್ಪ ಸಡ್ಲ ಆಗೇತಿ," ಎಂದರು ಮಡಿವಾಳೆಪ್ಪ ಮಾಸ್ತರರು. "ಬೆನ್ನುಡಿ ಬಂದು ಎತ್ತಿ ಹಿಡದೈತಿ." ಚಹಾದಂಗಡಿಯಲ್ಲಿ ಇನ್ನೊಬ್ಬ ಹೇಳಿದ: "ನಾ ಮೊದಲನೇ ಮುದ್ರಣಾನ ಓದೇನಿ ಬಿಡ್ರಿ. ಅದರ ರುಚಿ ಇದಕ್ಕಿಲ್ಲ."

ಸೋಮವಾರ ಸಂಜೆ ಗುಡಿಯಲ್ಲಿ ಗ್ಯಾಸ್‌ಬತ್ತಿ ಉರಿಯಿತು. ಗಾದಿ ಹಾಕಿ ಟವೆಲ್ ಹೊದಿಸಿದ ಕುರ್ಚಿಗಳಲ್ಲಿ ಕುಬೇರಪ್ಪನವರೂ ಬಿ.ಡಿ.ಓ. ಸಾಹೇಬರೂ ಕೂತರು; ಬಾಜೂಕಿನ ಬೆಂಚಿನ ಮೇಲೆ ಕರಡಿ ಮಜಲಿನವರು. ಅಯ್ಯನವರು ವಸ್ತ್ರ ಬಿಚ್ಚಿ ಗ್ರಂಥವನ್ನು ವ್ಯಾಸಪೀಠದ ಮೇಲಿಟ್ಟರು. ಫೋಟೋದ ಮೀಸೆಯ ಮೇಲೆ ಕುಂಕುಮ ಬಿತ್ತು. ಮಾದೇವಿ ಪುಸ್ತಕ ತೆರೆದಳು. ಬೆಳ್ಳಗಿತ್ತು. ಅವಳು ಉಸಿರೆಳೆದುಕೊಂಡಳು.

ಮಡಿವಾಳೆಪ್ಪ ಮಾಸ್ತರರಿಗೆ ಹಳೆಯ ಚಟವೊಂದಿತ್ತು. ಓದುವವರು ಉಸಿರೆಳೆದುಕೊಳ್ಳುವಷ್ಟರಲ್ಲಿ ಅರ್ಥ ಶುರು ಮಾಡಿಬಿಡುತ್ತಿದ್ದರು. ಇಂದೂ ಹಾಗೇ ಆಯಿತು.

"ಹೌದು! ಇದರ ತಾತ್ಪರ್ಯ ಏನಪಾ ಅಂದ್ರ, ಗುಡದಪ್ಪಜ್ಜ ಹುಟ್ಟಿದಾಗ ಆಕಾಶದಾಗ ಗುಡುಗಾತು…"

ಹೆದರಿದ ಮಾದೇವಿಯ ಕೈ ತಾನಾಗಿಯೇ ಪುಟ ಹೊರಳಿಸಿತು. ಮುಂದಿನ ಪದ್ಯ ಬಂತೆಂದು ಮಾಸ್ತರರು ಮುಂದುವರಿದರು. ಮತ್ತೆ ಪುಟ, ಮತ್ತೆ ಅರ್ಥ. ಪುಟ ಹೊರಳಿದಂತೆಲ್ಲ ಗುಡದಪ್ಪಜ್ಜ ಬೆಳೆಯುತ್ತ ಹೋದ. ಅವನು ಯಾರ ಹಂಗಿಲ್ಲದೆ ಒಂದೇ ಗುದ್ದಲಿಯಿಂದ, ಒಬ್ಬನೇ, ಕೆರೆ ಕಡಿದ. ಸಾಕ್ಷಾತ್ ಶಿವ ಜಡೆ ಹಿಂಡಿ ಅದನ್ನು ತುಂಬಿಸಿದ. ಹೆಂಗಸರು ಕಣ್ಣೊರಸಿಕೊಂಡರು. ಕುಬೇರಪ್ಪನವರು, ತಾವು ಇಷ್ಟು ಚೆನ್ನಾಗಿ ಬರೆದದ್ದು ತಮಗೇ ಗೊತ್ತಿರಲಿಲ್ಲವೆಂಬಂತೆ ತಲೆದೂಗಿದರು.

"ಇದನ್ನೇ ನಾನು ಮುನ್ನುಡಿಯಲ್ಲಿ ಹೇಳಿರೋದು," ಎಂದರು ಬಿ.ಡಿ.ಓ. ಸಾಹೇಬರು.

ಆಗ ಹೆಂಗಸರ ಕಡೆಯಿಂದ ರೇವವ್ವ ಎದ್ದು ನಿಂತಳು.

"ಏ ಮಾಸ್ತರ, ಸ್ವಲ್ಪ ತಡೀರಿ. ಅಜ್ಜ ಒಬ್ಬನ ಕಡದಾ ಅಂದ್ರ ನಮ್ಮತ್ತಿ ಅಲ್ಲಿ ಏನ್ ನೊಣಾ ಹೊಡಿಯಾಕತ್ತಿದ್ಲೇನು?"

"ರೇವವ್ವಾ, ಕುಂದ್ರು. ನಾ ಗ್ರಂಥದಾಗ ಇದ್ದದ್ದ ಹೇಳಾಕತ್ತೇನಿ."

"ಗ್ರಂಥದಾಗ ನಮ್ಮತ್ತಿ ಅದಾಳ! ಮಾದೇವಿ ನನಗ ಓದಿ ತೋರಿಸ್ಯಾಳ. ಜ್ವಾಳದಾಗ ಕಲ್ಲು ಬಂದಾಗ ಗುಡದಪ್ಪಜ್ಜನ ತಲೀ ಮ್ಯಾಲ ಕೆಸರಿನ ಬುಟ್ಟಿ ಸುರುವಿದ್ಲಲ್ಲ, ಅದು ಯಾವಾಗ ಬರ್ತೈತಿ? ಅದನ್ನ ಕೇಳಾಕ ನಾ ರೊಟ್ಟಿ ಬಿಟ್ಟು ಬಂದೇನಿ."

ಕುಬೇರಪ್ಪನವರು ದಡಕ್ಕನೆ ಎದ್ದರು. "ಏನಂದಿ? ನನ್ನ ಗ್ರಂಥದಾಗ ನಮ್ಮಜ್ಜನ ತಲೀ ಮ್ಯಾಲ ಕೆಸರಾ?"

"ನಿಮ್ಮ ಗ್ರಂಥ. ನಿಮಗ ಗೊತ್ತಿಲ್ಲೇನ್ರಿ ಗೌಡ್ರ?"

ಗುಡಿಯಲ್ಲಿ ಯಾರೋ ಕಿಸಕ್ಕೆಂದರು. ಕುಬೇರಪ್ಪನವರು ಧಾವಿಸಿ ಬಂದು ಪೀಠದಿಂದ ಗ್ರಂಥ ಕಿತ್ತುಕೊಂಡು ಹಾಳೆ ಹಾಳೆ ಹುಡುಕತೊಡಗಿದರು. ಹುಡುಕಿದಂತೆಲ್ಲ ಅವರ ಮುಖ ತಿಳಿಯಾಗುತ್ತ ಬಂತು. ಕೊನೆಯ ಹಾಳೆ ಮುಗಿದಾಗ ಪುಸ್ತಕವನ್ನು ಬಿಚ್ಚಿ ಹಿಡಿದು, ಗ್ಯಾಸ್‌ಬತ್ತಿಯ ಬೆಳಕಿಗೆ ಎತ್ತಿ, ಗೆದ್ದ ದನಿಯಲ್ಲಿ ಕೂಗಿದರು:

"ಇಲ್ಲ! ಎಲ್ಲೀ ಇಲ್ಲ! ನೋಡ್ರಿ ಎಲ್ಲಾರೂ. ಕೆಸರಿಲ್ಲ, ಬುಟ್ಟಿಲ್ಲ, ಏನಂದ್ರ ಏನೂ ಇಲ್ಲ!"

ಎಲ್ಲರೂ ನೋಡಿದರು. ತಮ್ಮ ಬಾಯಿಂದ ಹೊರಟ ಮಾತು ತಮ್ಮ ಕಿವಿಗೆ ಮುಟ್ಟಲು ಕುಬೇರಪ್ಪನವರಿಗೆ ತುಸು ಹೊತ್ತು ಹಿಡಿಯಿತು. ಅವರು ಮೆಲ್ಲಗೆ ಪುಸ್ತಕ ಕೆಳಗಿಳಿಸಿ ಇನ್ನೊಮ್ಮೆ ಒಳಗೆ ಇಣುಕಿದರು.

"ಅಯ್ಯ ಶಿವನ! ಅಕ್ಷರ ಎಲ್ಲಿ ಹೋದವು?"

ಗುಡಿಯ ತುಂಬ ಗದ್ದಲ. ನಿವಾಳಿಸಿದ ಉಪ್ಪು ಹೆಚ್ಚಾಯಿತು ಎಂದರು ಕೆಲವರು. ವಿಭೂತಿ ನೀರು ಮಸಿಯನ್ನು ತೊಳೆಯಿತು ಎಂದರು ಇನ್ನು ಕೆಲವರು. "ಹಂಗಾದ್ರ ಮಾಸ್ತರ ಇಷ್ಟೊತ್ತು ಯಾವುದರ ಅರ್ಥಾ ಹೇಳಿದ್ರು?" ಎಂದು ಹಲ್ಲಿಲ್ಲದ ಗಂಗಪ್ಪಜ್ಜ ಸೀಟಿ ಊದಿದ. ಮಾಸ್ತರರಿಗೆ ಕೆಮ್ಮು ಬಂತು.

ಅಯ್ಯನವರು ಗಂಟೆ ಬಾರಿಸಿ ಎಲ್ಲರನ್ನೂ ಸುಮ್ಮನಾಗಿಸಿದರು. ಅವರ ತೀರ್ಪು ಗಂಭೀರವಾಗಿತ್ತು. "ದೇವರ ಮುಂದ ಸುಳ್ಳು ಬರಹ ನಿಲ್ಲೂದಿಲ್ಲ. ಅದಕ್ಕ ಅಕ್ಷರ ಓಡಿ ಹೋಗ್ಯಾವು. ಇದನ್ನ ಬರದವರು ಮುಂದ ಬಂದು ಒಪ್ಕೋಬೇಕು. ಇಲ್ಲಂದ್ರ ಕೆರಿ ನೀರು ಇಂಗಿ ಹೋಗ್ತಾವು. ಹೇಳ್ರಿ, ಬರದವರು ಯಾರು?"

ಊರೆಲ್ಲ ಕುಬೇರಪ್ಪನವರ ಮುಖ ನೋಡಿತು. ಊರೆಲ್ಲ ಕುಡಿಯುವುದು ಆ ಕೆರೆಯ ನೀರನ್ನೇ.

"ನಾ ಅಲ್ಲಪಾ!" ಎಂದರು ಕುಬೇರಪ್ಪನವರು. "ಗುಡ್ಯಾಗ ನಿಂತು ಹೇಳ್ತೇನಿ, ಸಹಿ ಒಂದ್ ಬಿಟ್ರ ನಾ ಹುಟ್ಟಿದಾಗಿಂದ ಏನೂ ಬರದಿಲ್ಲ. ಫೋಟೋ ಅಷ್ಟ ನಂದು. ಮುನ್ನುಡಿ ಸಾಹೇಬ್ರದು, ಅವರನ್ನ ಕೇಳ್ರಿ."

"ನೋಡಿ, ನೋಡಿ, ಸರ್ಕಾರಿ ನೌಕರರು ಹೀಗೆಲ್ಲ ಬರೆಯೋ ಹಾಗೇ ಇಲ್ಲ," ಎಂದು ಬಿ.ಡಿ.ಓ. ಸಾಹೇಬರು ಗಾದಿಯ ಕುರ್ಚಿಯಿಂದ ಎದ್ದು ಕರಡಿ ಮಜಲಿನವರ ಹಿಂದೆ ಸರಿದರು. "ಬಂದ ಕಾಗದಕ್ಕೆ ಸಹಿ ಮಾಡೋದು ನಮ್ಮ ಡ್ಯೂಟಿ. ಓದೋದು ಅಲ್ಲ."

"ಬೆನ್ನುಡೀನೂ ನಂದಲ್ಲ," ಎಂದರು ಮಾಸ್ತರರು ಕೆಮ್ಮಿನ ನಡುವೆ. "ಹೆಸರು ನಂದು, ಬೆನ್ನು ಯಾರದೋ."

"ನನ್ನ ಯಾಕ ನೋಡ್ತೀರಿ?" ಎಂದಳು ಗುರವ್ವ. "ನನಗ ಬರ್ಯಾಕ ಬರ್ತಿದ್ರ ಇವರ ಅಜ್ಜನ ಮ್ಯಾಲ ಬರೀತಿದ್ನೇನು?"

ಅಷ್ಟು ದಿನ ಜಾಗಕ್ಕಾಗಿ ತಿಕ್ಕಾಡಿದ ಹೆಸರುಗಳೆಲ್ಲ ಎಲೆಯ ಮೇಲಿನ ನೀರಿನಂತೆ ಜಾರಿದವು. ಹತ್ತಿ ತೂಗುವವನು ತಾನು ಅಂದು ಊರಲ್ಲೇ ಇರಲಿಲ್ಲ ಎಂದ. ಗುಡಿಯಲ್ಲಿ ಆ ಊರು ಎಂದೂ ಕಂಡಿರದಷ್ಟು ಸತ್ಯ ತುಂಬಿಕೊಂಡಿತು. ಅಷ್ಟೂ ಸತ್ಯ ಬಂದದ್ದು ಹೆದರಿಕೆಯಿಂದ.

"ಹಂಗಾರ ಬರದವರು ಯಾರು?" ಎಂದು ಅಯ್ಯನವರು ಮತ್ತೆ ಗಂಟೆ ಬಾರಿಸಿದರು. "ಎತ್ತು ಬರದಾವೇನು?"

ಮಾದೇವಿ ವ್ಯಾಸಪೀಠದ ಹಿಂದೆ ಕೂತೇ ಇದ್ದಳು. ಯಾರೂ ಅವಳ ಕಡೆ ನೋಡುತ್ತಿರಲಿಲ್ಲ. ಸುಮ್ಮನೆ ಕೂತರೆ ಆಯಿತು. ಗ್ಯಾಸ್‌ಬತ್ತಿ ಆರುತ್ತದೆ, ಜನ ಚದುರುತ್ತಾರೆ. ಕಾಕಾನ ಮುಖ ಕೆಂಪಗೆ ಉರಿಯುತ್ತಿತ್ತು. ಅದರ ಆಚೆ, ಇನ್ನೂ ನಿಂತೇ ಇದ್ದ ರೇವವ್ವ ಸೆರಗು ಮುಷ್ಟಿಯಲ್ಲಿ ಹಿಡಿದು, ಓಡಿ ಹೋದ ತನ್ನ ಅತ್ತೆಯನ್ನು ಹುಡುಕುವವಳಂತೆ ಆ ಬಿಳಿ ಹಾಳೆಗಳನ್ನೇ ನೋಡುತ್ತಿದ್ದಳು.

ಮಾದೇವಿ ಎದ್ದು ನಿಂತು ಏನೋ ಅಂದಳು. ಅದು ಗದ್ದಲದಲ್ಲಿ ಮುಳುಗಿತು.

"ಏನಂದ್ಯವ್ವಾ?" ಎಂದಳು ರೇವವ್ವ, ಕಿವಿಗೆ ಕೈ ಹಚ್ಚಿ. "ಗಟ್ಟಿಯಾಗಿ ಹೇಳು."

ಗುಡಿಯ ಮುಖಗಳೆಲ್ಲ ವ್ಯಾಸಪೀಠದ ಕಡೆ ಹೊರಳಿದವು.

"ನಾ ಬರದೇನ್ರಿ," ಎಂದಳು ಮಾದೇವಿ. "ಮುನ್ನುಡಿ, ಬೆನ್ನುಡಿ, ನಡುವಿಂದೆಲ್ಲಾ ನಂದ. ಆ ಕೆಸರಿನ ಬುಟ್ಟೀನೂ ನಾನ ಬರದೇನಿ."